ವೈರ್ ಇಲ್ಲ, ವೈರ ಇದೆ

ವೈರ್‌ಲೆಸ್ ಎಂದರೆ ವೈರವಿಲ್ಲದ್ದು ಎಂದು ನಂಬಿ ಮನೆಗೆ ವೈಫೈ ಹಾಕಿಸಿಕೊಂಡವನು ನಾನು. ಎರಡು ವಾರದಿಂದ ಅದು ನನ್ನ ಲ್ಯಾಪ್‌ಟಾಪಿನ ಮೇಲೆ ಮಾತ್ರ ಹಗೆ ಸಾಧಿಸುತ್ತಿತ್ತು. ಹೆಂಡತಿಯ ಫೋನಿಗೆ ಬರುತ್ತಿತ್ತು, ಅತ್ತೆಯ ಟ್ಯಾಬಿಗೆ ಬರುತ್ತಿತ್ತು, ಗೋಡೆ ದಾಟಿ ಪಕ್ಕದ ಮನೆಗೂ ಹೋಗುತ್ತಿತ್ತೆಂದು ನನ್ನ ಗುಮಾನಿ. ನನ್ನ ಲ್ಯಾಪ್‌ಟಾಪಿಗೆ ಮಾತ್ರ ನೆಂಟರಂತೆ ಬಂದು, ಏಳು ನಿಮಿಷ ಕೂತು, ಹೇಳದೆ ಕೇಳದೆ ಎದ್ದು ಹೋಗುತ್ತಿತ್ತು. (ಏಳು ನಿಮಿಷಕ್ಕೆ ಎದ್ದು ಹೋಗುವ ನೆಂಟರು ನಿಮಗೆ ಗೊತ್ತಿದ್ದರೆ ನನಗೂ ಪರಿಚಯ ಮಾಡಿಸಿ. ಕಣ್ಣಿನ ಆಪರೇಷನ್ನಿಗೆಂದು ನಮ್ಮ ಅತ್ತೆ ಬಂದು ಐದು ತಿಂಗಳಾಯಿತು.)

ಬೇರೆ ದಿನಗಳಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆದರೆ ಕಾಲೇಜಿನ ಲೈಬ್ರರಿಯಲ್ಲಿ ಹತ್ತೊಂಬತ್ತು ವರ್ಷ ಸಹಾಯಕನಾಗಿ ಸವೆದ ನನಗೆ ಕೊನೆಗೂ ಮುಖ್ಯ ಗ್ರಂಥಪಾಲಕನ ಹುದ್ದೆಗೆ ಇಂಟರ್‌ವ್ಯೂ ಬಂದಿತ್ತು. ಶನಿವಾರ ಹನ್ನೊಂದು ಗಂಟೆಗೆ, ಅದೂ ಆನ್‌ಲೈನಿನಲ್ಲಿ. ನನ್ನ ಎದುರಾಳಿ ನನ್ನ ಕೈಕೆಳಗಿನವನೇ. ತಾರೀಕಿನ ಮುದ್ರೆ ತಲೆಕೆಳಗಾಗದಂತೆ ಒತ್ತುವುದನ್ನು ಅವನಿಗೆ ಕಲಿಸಿದವನು ನಾನು.

"ರೀ, ಸುಮ್ಮನೆ ರಿಪೇರಿಯವನನ್ನ ಕರೀರಿ," ಅಂದಳು ಹೆಂಡತಿ. ಅವಳು ದಂತವೈದ್ಯರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವಳು. ನೋವು ಶುರುವಾದ ಕೂಡಲೇ ಬಂದಿದ್ದರೆ ಹಲ್ಲು ಉಳೀತಿತ್ತು ಎಂದು ದಿನಕ್ಕೆ ಹತ್ತು ಜನಕ್ಕೆ ಹೇಳಿ ಅಭ್ಯಾಸ.

"ಮೂವತ್ತು ಸಾವಿರ ಪುಸ್ತಕ ಕಾಯ್ದವನಿಗೆ ಒಂದು ಡಬ್ಬಿ ನೋಡ್ಕೊಳ್ಳೋಕೆ ಬರಲ್ವಾ?"

"ಪುಸ್ತಕ ಎದ್ದು ಓಡಲ್ಲ ರೀ."

ಶನಿವಾರ ಬೆಳಿಗ್ಗೆ ಒಂಬತ್ತಕ್ಕೇ ದುರಸ್ತಿಯ ದಂಡಯಾತ್ರೆ ಹೊರಟೆ. ಮೊದಲು ರೂಟರ್ ಆರಿಸಿ ಮೂವತ್ತರವರೆಗೆ ಎಣಿಸತೊಡಗಿದೆ. ಹನ್ನೆರಡು ಎಣಿಸುವಷ್ಟರಲ್ಲೇ ಒಳಗೆ ಟ್ಯಾಬಿನಲ್ಲಿ ಧಾರಾವಾಹಿ ನೋಡುತ್ತಿದ್ದ ಅತ್ತೆಯ ಆರ್ತನಾದ: "ಅಳಿಯಂದ್ರೇ! ಅವಳು ಸೊಸೆ ಕಪಾಳಕ್ಕೆ ಹೊಡೆಯೋಕೆ ಕೈ ಎತ್ತಿದ್ಲು, ಹಾಗೇ ನಿಂತ್ಬಿಟ್ಲು!"

ಮತ್ತೆ ಹಚ್ಚಿದೆ. ಏಟು ಬಿತ್ತು. ಅತ್ತೆಗೆ ಸಮಾಧಾನವಾಯಿತು. ನನ್ನ ಸಂಪರ್ಕ ಏಳನೇ ನಿಮಿಷಕ್ಕೆ ಹೋಯಿತು.

ಆಮೇಲೆ ಲ್ಯಾಪ್‌ಟಾಪನ್ನು ಹಸುಗೂಸಿನಂತೆ ಎತ್ತಿಕೊಂಡು ಮನೆಯೆಲ್ಲ ಸುತ್ತಿದೆ. ಬಚ್ಚಲಮನೆಯ ಬಾಗಿಲಲ್ಲಿ ಸಿಗ್ನಲ್ ಪೂರ್ತಿ ಬಂತು. ಅಲ್ಲಿಗೇ ಕುರ್ಚಿ ಎಳೆದೆ.

"ಕಮಿಟಿಯವರಿಗೆ ಹಿಂದೆ ಬಕೆಟ್ ಕಾಣ್ಸುತ್ತೆ," ಅಂದಳು ಹೆಂಡತಿ.

"ಟವೆಲ್ ಹೊದಿಸು."

"ಯಾರಿಗೆ, ನಿಮಗಾ?"

ಅಲ್ಲಿಯೂ ಏಳೇ ನಿಮಿಷ. ಕುರ್ಚಿಯನ್ನು ಮೇಜಿನ ಬಳಿಗೆ ವಾಪಸ್ ಎಳೆಯುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತ್ತು.

ಹತ್ತೂ ನಲವತ್ತಕ್ಕೆ ಬ್ರಹ್ಮಾಸ್ತ್ರ ತೆಗೆದೆ. 'ಈ ನೆಟ್‌ವರ್ಕನ್ನು ಮರೆತುಬಿಡು' ಎಂಬ ಗುಂಡಿ. ಒಂದು ಸಲ ಮರೆಸಿ ಹೊಸದಾಗಿ ಸೇರಿಸಿದರೆ ಸರಿಹೋಗುತ್ತದೆಂದು ಎಲ್ಲೋ ಓದಿದ್ದೆ. ಒತ್ತಿದೆ. ಲ್ಯಾಪ್‌ಟಾಪ್ ಎಲ್ಲವನ್ನೂ ಮರೆತು, ನಾನು ಯಾರೋ ದಾರಿಹೋಕನೆಂಬಂತೆ ಪಾಸ್‌ವರ್ಡ್ ಕೇಳಿತು.

ಪಾಸ್‌ವರ್ಡ್ ಇಟ್ಟವನು ನಾನೇ. ಹೆಂಡತಿಯ ಹುಟ್ಟಿದ ದಿನ, ಎಂಟು ಅಂಕಿ. ಹೊಡೆದೆ. ತಪ್ಪು ಅಂದಿತು. ಮತ್ತೆ ಹೊಡೆದೆ. ತಪ್ಪು. ಹನ್ನೊಂದು ಹೊಡೆದಾಗ ಗಾಬರಿಯಾಗಿ, ತಡವಾಗುತ್ತದೆಂದು ಹೇಳಲು ಕಮಿಟಿಯ ಗುಮಾಸ್ತರಿಗೆ ಫೋನ್ ಮಾಡಿದೆ. "ಲೈನ್‌ನಲ್ಲೇ ಇರಿ ಸಾರ್, ಅಧ್ಯಕ್ಷರಿಗೆ ಹೇಳ್ತೀನಿ," ಅಂದರು. ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟು ಮತ್ತೆ ಕೀಲಿಮಣೆಗೆ ಬಿದ್ದೆ.

"ಯಾವ ತಾರೀಕು ಹೊಡೀತಿದ್ದೀರಿ?" ಹೆಂಡತಿ ಹಿಂದೆ ಬಂದು ನಿಂತಳು.

"ನೀನು ಹುಟ್ಟಿದ್ದೇ ಕಣೇ. ಆಗಸ್ಟ್ ಹದಿನಾಲ್ಕು."

ಒಳಗೆ ಅತ್ತೆ ಧಾರಾವಾಹಿ ನಿಲ್ಲಿಸಿದರು.

"ನಾನು ಹುಟ್ಟಿದ್ದು ಹದಿನೇಳು."

"ಮೂರು ದಿನ ಆಚೆ ಈಚೆ..."

"ಹದಿನೇಳು ಹೊಡೀರಿ."

ಹೊಡೆದೆ. ಅದೂ ತಪ್ಪು ಅಂದಿತು. ನನ್ನ ದಾಂಪತ್ಯದ ಇಪ್ಪತ್ತಮೂರು ವರ್ಷಗಳಲ್ಲಿ ಯಾವ ಯಂತ್ರವೂ ನನಗೆ ಇಂಥ ದ್ರೋಹ ಬಗೆದಿರಲಿಲ್ಲ.

"ಹಾಗಾದ್ರೆ ಅದು ಯಾರು ಹುಟ್ಟಿದ ದಿನ?" ದನಿ ತಣ್ಣಗಿತ್ತು.

ಅಷ್ಟರಲ್ಲಿ ಅತ್ತೆ ಟ್ಯಾಬ್ ಹಿಡಿದು ಬಂದರು. "ಇದರಲ್ಲಿ ಒತ್ತಿದ್ರೆ ಪಾಸ್‌ವರ್ಡ್ ಕಾಣುತ್ತೆ ಕಣೇ. ಇಪ್ಪತ್ತೆರಡು, ಮೂರು, ಎರಡು ಸಾವಿರದ ಒಂಬತ್ತು." ಬೆರಳು ಮಡಚಿ ಲೆಕ್ಕ ಹಾಕಿದರು. "ಇದು ನಿನ್ನ ಹುಟ್ಟಿದ ದಿನ ಆಗಿದ್ರೆ ನಿನ್ನನ್ನ ಇನ್ನೂ ಸ್ಕೂಲಿಗೆ ಕಳಿಸಬೇಕಾಗಿತ್ತಲ್ಲೇ!"

"ಅಮ್ಮ, ಅದು ಇವರು ಸ್ಕೂಟರ್ ತಗೊಂಡ ದಿನ. ಅದನ್ನ ಮಾತ್ರ ಒಂದು ದಿನವೂ ಆಚೆ ಈಚೆ ಮಾಡಿಲ್ಲ ನೋಡು."

ಅಂಕಿಗಳನ್ನು ಹೊಡೆದೆ, ಸಂಪರ್ಕ ಸಿಕ್ಕಿತು. ಪರದೆಯ ಮೇಲೆ ಐದು ಗಂಭೀರ ಮುಖಗಳು ಮೂಡಿದವು. ಗಂಭೀರವೆಂದರೆ, ತುಟಿ ಕಚ್ಚಿಕೊಂಡು ತಂದುಕೊಂಡ ಗಾಂಭೀರ್ಯ.

"ಬನ್ನಿ," ಅಂದರು ಅಧ್ಯಕ್ಷೆ. "ನಿಮ್ಮ ಮುಖ ಈಗ ಬಂತು. ನಿಮ್ಮ ಮನೆಯ ಮಾತು ಆಗಿನಿಂದ ಸ್ಪಷ್ಟವಾಗಿ ಕೇಳ್ತಾನೇ ಇದೆ."

ಬೋರಲಾಗಿದ್ದ ಫೋನನ್ನು ನೋಡಿದೆ. ಗುಮಾಸ್ತರು ನನ್ನನ್ನು ಸಭೆಗೇ ಜೋಡಿಸಿಬಿಟ್ಟಿದ್ದರು.

"ಮೊದಲನೇ ಪ್ರಶ್ನೆ," ಅಂದರು ಅಧ್ಯಕ್ಷೆ. "ನಿಮ್ಮ ಮನೆಯವರು ಹುಟ್ಟಿದ ದಿನ ಯಾವುದು?"

ಪಾರಾಗಲು ಅವರು ಕೊಟ್ಟ ಸುಲಭದ ದಾರಿ ಅದು. ಲ್ಯಾಪ್‌ಟಾಪಿನ ಆಚೆ ಹೆಂಡತಿ ಕೈಕಟ್ಟಿ ನಿಂತಿದ್ದಳು. ತಲೆಯಲ್ಲಿ ಆಗಷ್ಟೇ ಹೊಡೆದ ಎಂಟು ಅಂಕಿ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

"ಮಾರ್ಚ್ ಇಪ್ಪತ್ತೆರಡು," ಅಂದೆ.

ಐವರೂ ನಕ್ಕರು. ಅತ್ತೆಯೂ ನಕ್ಕರು. ನಗದೇ ಉಳಿದವರು ನಾವಿಬ್ಬರೇ. ಏಳನೇ ನಿಮಿಷಕ್ಕೆ ಸಂಪರ್ಕ ಕಡಿದಾಗ ಮೊದಲ ಬಾರಿಗೆ ಅದಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಸೋಮವಾರ ಹೆಂಡತಿಯೇ ರಿಪೇರಿಯವನನ್ನು ಕರೆಸಿದಳು. ಅವನು ಕೂರಲೂ ಇಲ್ಲ. "ಬ್ಯಾಟರಿ ಉಳಿಸೋಕೆ ವೈಫೈ ಆರಿಸು ಅಂತ ನೀವೇ ಟಿಕ್ ಹಾಕಿದ್ದೀರಲ್ಲ ಸಾರ್," ಎಂದು ಗುರುತು ತೆಗೆದು, ನೀರು ಕುಡಿದು ಹೋದ. ಎರಡು ವಾರದ ಹಿಂದೆ ಮಿತವ್ಯಯದ ಬಗ್ಗೆ ಭಾಷಣ ಮಾಡುತ್ತ ಆ ಗುರುತು ಹಾಕಿದ್ದು ನನಗೂ ನೆನಪಾಯಿತು.

ಹತ್ತು ದಿನದ ಮೇಲೆ ಪತ್ರ ಬಂತು. ಮುಖ್ಯ ಗ್ರಂಥಪಾಲಕನ ಹುದ್ದೆ ನನ್ನ ಶಿಷ್ಯನಿಗೆ. ನನ್ನ ಸೇವೆಯನ್ನು ಪರಿಗಣಿಸಿ ನನ್ನನ್ನು ಹಳೆಯ ದಿನಪತ್ರಿಕೆಗಳ ವಿಭಾಗಕ್ಕೆ ಮುಖ್ಯಸ್ಥನನ್ನಾಗಿ ಮಾಡಿದ್ದರು. ಆ ವಿಭಾಗ ನೆಲಮಾಳಿಗೆಯಲ್ಲಿದೆ. ಅಲ್ಲಿಗೆ ಬಿಸಿಲೇ ಬರುವುದಿಲ್ಲ, ಇನ್ನು ವೈಫೈ ಎಲ್ಲಿಯದು.

ಹೆಂಡತಿ ಪತ್ರವನ್ನು ಎರಡು ಸಲ ಓದಿ ಮಡಚಿ ನನ್ನ ಕೈಗಿಟ್ಟಳು.

"ಒಳ್ಳೇದೇ ಆಯ್ತು ಬಿಡಿ," ಅಂದಳು. "ಅಲ್ಲಿ ಪ್ರತಿಯೊಂದು ಹಾಳೆ ಮೇಲೂ ತಾರೀಕು ಅಚ್ಚು ಹಾಕಿರ್ತಾರೆ."