ತಾರಸಿ ಸೌತೆಗೆ ಒಂದು ಹಿಡಿ ಬೂದಿ

ನಿಮ್ಮ ಮನೇಲಿ ಒಂದು ಹಿಡಿ ಬೂದಿ ಇದೆಯಾ? ಸುಮ್ನೆ ಹೂಂ ಅನ್ಬೇಡಿ, ಎದ್ದು ಹೋಗಿ ನೋಡ್ಕೊಂಡು ಬನ್ನಿ. ಗ್ಯಾಸ್ ಒಲೆ, ಗೀಸರ್ ಬಂದ್ಮೇಲೆ ನಮ್ಮ ವಿಜಯನಗರದಲ್ಲಿ ಎಲ್ಲಾ ಸಿಗುತ್ತೆ, ಬೂದಿ ಮಾತ್ರ ಸಿಗಲ್ಲ. ಇದು ನಂಗೆ ಗೊತ್ತಾಗಿದ್ದು ಜಂಬ ಕೊಚ್ಕೊಂಡ ಮೇಲೆ.

ನನ್ನ ಸೊಸೆ ಕುಂದಾಪುರದ ಕಡೆಯೋಳು. ಅವಳಮ್ಮ, ಅಂದ್ರೆ ನಮ್ಮ ಬೀಗಿತ್ತಿ ಶಾರದಮ್ಮ, ಸಮುದ್ರದ ಪಕ್ಕದ ಮರಳು ನೆಲದಲ್ಲೂ ಸೌತೆ ಬೆಳೆಯೋ ಗಟ್ಟಿಗಿತ್ತಿ. ಶಿವರಾತ್ರಿ ಹೊತ್ತಿಗೆ ಬೀಜ ಕಳ್ಸಿ, ಫೋನಲ್ಲೇ ಪಾಠ ಮಾಡಿದ್ರು: "ಬುಡಕ್ಕೆ ತರಗೆಲೆ ಹಾಸಿ, ಎರಡು ಹೊತ್ತು ನೀರು ಹಾಕಿ, ಬೆಳಿಗ್ಗೆ ಎಲೆ ಮೇಲೆ ಬೂದಿ ಉದುರಿಸಿ. ಹುಳ ಬರೂದಿಲ್ಲ." ಹೂಂ ಅಂದು ಸುಮ್ನಿರ್ಬೇಕೋ ಬೇಡ್ವೋ? ಆಗಷ್ಟೇ ಫೋನಲ್ಲಿ ಟೈಪ್ ಮಾಡೋದು ಕಲ್ತಿದ್ದೆ. ಅರ್ಧ ಗಂಟೆ ಕುಕ್ಕಿ ಕುಕ್ಕಿ ಮನೆಯವರ ಗ್ರೂಪಿಗೆ ಹಾಕ್ದೆ, "ಬೀಗಿತ್ತಿ ಬಂದಾಗ ನಮ್ಮ ತಾರಸಿ ಸೌತೆಕಾಯಿದೇ ಹುಳಿ." ಕಳ್ಸೋದು ಕಲ್ತಿದ್ದೆ, ಅಳ್ಸೋದು ಕಲ್ತಿರ್ಲಿಲ್ಲ.

ಬೀಜ ಮೊಳೀತು, ಬಳ್ಳಿ ಹಬ್ತು. ಬೂದಿ ಕೇಳೋಣ ಅಂತ ಬೀದಿ ಕೊನೆಯ ಇಸ್ತ್ರಿ ಅಂಗಡಿಗೆ ಹೋದ್ರೆ, ಅವನೂ ಕರೆಂಟ್ ಪೆಟ್ಟಿಗೆ ಇಟ್ಕೊಂಡಿದಾನೆ. "ಇದ್ಲು ಬಿಟ್ಟು ಎಷ್ಟೋ ಕಾಲ ಆಯ್ತಲ್ಲಮ್ಮ" ಅಂದ. ವಾಪಸ್ ಬಂದು ದೇವರ ಮನೇಲಿ ಕೂತಾಗ ಕಣ್ಣಿಗೆ ಬಿತ್ತು ವಿಭೂತಿ. ನಮ್ಮಂಥ ಲಿಂಗಾಯತರ ಮನೇಲಿ ಅದಕ್ಕೇನು ಬರ? ಹೋದ ಹೋದ ಮಠದಲ್ಲೆಲ್ಲ ಒಂದೊಂದು ಗಟ್ಟಿ ಕೊಟ್ಟಿರ್ತಾರೆ. ಅದೂ ಬೂದಿನೇ ತಾನೇ? ದಿನಾ ಬೆಳಿಗ್ಗೆ ಒಂದಿಷ್ಟು ಪುಡಿ ಮಾಡಿ ಎಲೆಗಳ ಮೇಲೆ ಉದುರಿಸ್ಕೊಂಡು, ಪೈಪ್ ಹಿಡಿದು ಎಳೆ ಬಿಸಿಲಲ್ಲಿ ನಿಂತ್ರೆ ಅದೇನು ಸುಖ ಅಂತೀರಿ. ಹದಿನೈದು ದಿನ ಆದ್ಮೇಲೆ ನಮ್ಮೆಜಮಾನ್ರು ಪೂಜೆಗೆ ಕೂತು ಡಬ್ಬಿ ತಡಕಾಡಿ, "ನನ್ನ ಹಣೆಗೆ ಏನಾದ್ರೂ ಉಳ್ಸಿದೀಯೇನೇ?" ಅಂದ್ರು.

ಹುಳ ಬರ್ಲಿಲ್ಲ, ಅದು ನಿಜ. ಕಾಯೂ ಬರ್ಲಿಲ್ಲ. ತಾರಸಿ ತುಂಬಾ ಹಳದಿ ಹೂವು, ಅಷ್ಟೇ. ಬೀಗಿತ್ತಿ ಬರೋ ದಿನ ಯಾರಿಗೂ ಹೇಳ್ದೆ ಮಾರ್ಕೆಟ್ಟಿಗೆ ಹೋಗಿ, ಒಂದು ದಪ್ಪ ಸೌತೆಕಾಯಿ ತಂದು, ಎಲೆ ಮರೇಲಿ ಮಲಗಿಸಿ ಬಂದೆ.

ಶಾರದಮ್ಮ ಬಸ್ ಇಳಿದು ಬಂದೋರು ಕಾಫಿನೂ ಕುಡೀದೆ ತಾರಸಿ ಹತ್ತಿದ್ರು. ಎಲೆ ಮುಟ್ಟಿ, ಬೆರಳು ಮೂಸಿ, "ಇದೆಂತ ಬೂದಿ ಮಾರಾಯ್ರೆ?" ಅಂದ್ರು. "ವಿಭೂತಿ" ಅಂದೆ, ಸಣ್ಣ ದನಿಲಿ. ಆಮೇಲೆ ಬಗ್ಗಿ ನನ್ನ ಸೌತೆಕಾಯಿ ಎತ್ತಿದ್ರು. ಅದು ಬಂತು, ಬಳ್ಳಿ ಜೊತೆಗೆ ಬರ್ಲಿಲ್ಲ. ಒಣಗಿದ ತೊಟ್ಟು ನೋಡಿದ್ರು, ನನ್ನ ಮುಖ ನೋಡಿದ್ರು.

"ವಿಭೂತಿ ಬಳಿದು ಬಳ್ಳಿಯನ್ನು ಸನ್ಯಾಸಿ ಮಾಡಿದ್ದೀರಿ. ಹಾಗಾದ್ರೆ ಈ ಮಗು ಎಲ್ಲಿಂದ ಬಂತು?"