ಎರಡು ಸಹಿಯ ಪಟ್ಟಿ

ಗುಂಡುಸೂಜಿಯನ್ನು ನನ್ನ ಸೋದರಮಾವನಷ್ಟು ದ್ವೇಷಿಸಿದ ಮನುಷ್ಯ ಮೈಸೂರಿನಲ್ಲಿ ಇನ್ನೊಬ್ಬರಿದ್ದರೆ ದಯವಿಟ್ಟು ತಿಳಿಸಿ! ಯಾರಾದರೂ ಲಗ್ನಪತ್ರಿಕೆ ಕೊಟ್ಟರೆ ಮಾವ ಮೊದಲು ಅದರ ಪಿನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಆಮೇಲೆ ಗಂಡು ಯಾರು, ಹೆಣ್ಣು ಯಾರು ಎಂದು ನೋಡುತ್ತಿದ್ದರು. ಪಿನ್ನು ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದಂತೆ. ಕಾಗದವನ್ನು ಹತ್ತಿಯ ಲಾಡಿಯಲ್ಲೇ ಕಟ್ಟಬೇಕಂತೆ. ಅತ್ತೆಯ ಲಂಗದ ಲಾಡಿಗಳು ಎಲ್ಲಿ ಮಾಯವಾಗುತ್ತಿದ್ದವು ಎಂದು ಬೇರೆ ಹೇಳಬೇಕೇ?

ಮಾವ ಪತ್ರಾಗಾರದಲ್ಲಿ ಹಳೆಯ ಕಡತಗಳನ್ನು ಕಾಯುವ ಕೆಲಸದಲ್ಲಿದ್ದರು. ಅಂಥವರದ್ದೇ ಒಂದು ಅಖಿಲ ಭಾರತ ಸಂಘವಿದೆ ಎಂದರೆ ನಮ್ಮ ಊರಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಯಾವ ಕಾಗದವನ್ನು ಎಷ್ಟು ಕಾಲ ಇಡಬೇಕು, ಯಾವುದನ್ನು ಬಿಸಾಡಬಹುದು ಎಂದು ಕಚೇರಿಗಳಿಗೆ ಮಾದರಿ ನಿಯಮ ಬರೆದುಕೊಡುವುದು ಆ ಸಂಘದ ಒಂದು ಕೆಲಸ. ಮಾವ ಅದರ ಸಮಿತಿಯಲ್ಲಿದ್ದರು. ಅವರೆಲ್ಲ ಸೇರಿ ಮಾಡಿದ ಪಟ್ಟಿಗೆ ಮೂರು ಕಲಂ: ‘ಶಾಶ್ವತ’, ‘ವಿಲೇವಾರಿ’, ‘ಐದು ವರ್ಷದ ನಂತರ ಪರಿಶೀಲನೆ’. ಕೆಳಗೆ ಇಬ್ಬರ ಸಹಿ. ಒಬ್ಬರೇ ತೀರ್ಮಾನಿಸಿ ಏನನ್ನೂ ಬಿಸಾಡುವಂತಿಲ್ಲ.

ಸಂಘ ಇದನ್ನು ಕಚೇರಿಗಳಿಗೆ ಹೇಳಿತ್ತು. ಮಾವ ಮನೆಗೂ ತಂದರು! ಸರಸ್ವತಿಪುರಂನ ಆ ಪುಟ್ಟ ಮನೆಯ ಬಾಗಿಲಲ್ಲಿ ಹಳೇ ಪೇಪರಿನವನು ತಕ್ಕಡಿ ಹಿಡಿದು ನಿಂತಿದ್ದರೆ, ಒಳಗೆ ಮಾವ ಪೆನ್ಸಿಲಿನಲ್ಲಿ ಪಟ್ಟಿ ಬರೆಯುತ್ತಿದ್ದರು. ಪೆನ್ಸಿಲೇ ಆಗಬೇಕು, ದಾಖಲೆಗಳ ಹತ್ತಿರ ಶಾಯಿ ಸುಳಿಯುವಂತಿಲ್ಲ. ಎರಡನೆಯ ಸಹಿಗೆ ಅತ್ತೆ ಒಗ್ಗರಣೆ ಬಿಟ್ಟು ಬರಬೇಕು. ಒಡೆದ ಬಕೆಟ್ಟಿಗೂ ಇದೇ ಕ್ರಮ. ಮೂರನೆಯ ಕಲಂ ಕಂಡರೆ ಮಾತ್ರ ಮಾವನಿಗೆ ಆಗುತ್ತಿರಲಿಲ್ಲ. ಸಮಿತಿಯ ಉಳಿದವರು ಹಟ ಹಿಡಿದು ಸೇರಿಸಿದ್ದಂತೆ.

“ಅದು ಧೈರ್ಯ ಇಲ್ದೋರ ಕಲಂ ಕಣೋ. ಇಡ್ತೀನಿ ಅನ್ನು, ಇಲ್ಲ ಬುಡ್ತೀನಿ ಅನ್ನು,” ಎನ್ನುತ್ತಿದ್ದರು.

ಒಮ್ಮೆ ಸಂಘದ ಕಾರ್ಯಾಗಾರ ಮೈಸೂರಿನಲ್ಲೇ ನಡೆಯಿತು. ಬೇರೆ ರಾಜ್ಯಗಳ ನಾಲ್ವರನ್ನು ಮಾವ ಊಟಕ್ಕೆ ಕರೆತಂದರು. ಊಟ ಮುಗಿಸಿ ಅರಮನೆ ನೋಡುವುದೆಂದು ಮಾತು. ಆದರೆ ಬಂದವರ ಕಣ್ಣಿಗೆ ಮೊದಲು ಬಿದ್ದದ್ದು ಮಂಚದ ಕೆಳಗಿನ ಟ್ರಂಕು. ಅದರೊಳಗಿದ್ದ ನನ್ನ ಅಜ್ಜನ ರೇಷನ್ ಕಾರ್ಡು ಶಾಶ್ವತವೋ ವಿಲೇವಾರಿಯೋ ಎಂದು ಮೂರು ಭಾಷೆಗಳಲ್ಲಿ ವಾದ ಶುರುವಾಯಿತು. ಹಾಕಿದ ಬಾಳೆಲೆ ಬಾಡಿತು. ಅರಮನೆಯ ಬಾಗಿಲೂ ಮುಚ್ಚಿತು. ಅತ್ತೆ ನನ್ನ ಕಡೆ ತಿರುಗಿ, “ಇವ್ರೊಬ್ರೇ ಇಂಗೆ ಅನ್ಕೊಂಡಿದ್ದೆ ಕಣಪ್ಪ. ದೇಶದ ತುಂಬ ಅವ್ರೆ,” ಎಂದರು.

ಹೋದ ವರ್ಷ ಹೊಟ್ಟೆನೋವೆಂದು ಮಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಸ್ಕ್ಯಾನಿನ ವರದಿ ಓದಿ, ಹೇಗೆ ಹೇಳುವುದೆಂದು ಮಾತು ಹುಡುಕುತ್ತಿದ್ದರು. ಮಾವ ವರದಿಯನ್ನು ಕೈಗೆ ತೆಗೆದುಕೊಂಡು, ಓದದೆ, ಉಗುರಿನಿಂದ ಪಿನ್ನು ಬಿಡಿಸತೊಡಗಿದರು.

“ಡಾಕ್ಟ್ರೇ, ಇದು ತುಕ್ಕು ಹಿಡೀತದೆ.”

ಡಾಕ್ಟರಿಗೆ ನಗು ಬಂತು. ನನಗೂ ಬಂತು. ಮೂರು ತಿಂಗಳಿಗೆ ಮಾವ ಹೋದರು.

ತಿಥಿ ಕಳೆದ ಮೇಲೆ, ಬಟ್ಟೆಬರೆಯನ್ನು ಯಾರಿಗಾದರೂ ಕೊಟ್ಟುಬಿಡಿ ಎಂದು ನೆಂಟರು ಹೇಳಿ ಹೋದರು. ನಾನು ಚೀಲ ತಂದೆ.

“ಅಂಗೇ ತುಂಬ್ಬುಡ್ಬೇಡ ಕಣಪ್ಪ, ಪಟ್ಟಿ ಮಾಡ್ಬೇಕು,” ಎಂದು ಅತ್ತೆ ಮಾವನ ಪೆನ್ಸಿಲು ಹಿಡಿದು ಕುಳಿತರು. ಷರ್ಟು ಆರು, ವಿಲೇವಾರಿ. ಪ್ಯಾಂಟು ನಾಲ್ಕು, ವಿಲೇವಾರಿ. ಸ್ವೆಟರು, ಛತ್ರಿ, ಎಲ್ಲವನ್ನೂ ಸರಸರನೆ ಬರೆದರು. ಬಾಗಿಲ ಬಳಿಯ ಚಪ್ಪಲಿಯ ಸರದಿ ಬಂದಾಗ ಪೆನ್ಸಿಲು ನಿಂತಿತು. ‘ವಿಲೇವಾರಿ’ ಎಂದು ಬರೆದು ಅಳಿಸಿದರು. ‘ಶಾಶ್ವತ’ ಎಂದು ಬರೆದು ಅದನ್ನೂ ಅಳಿಸಿದರು.

“ಆ ಮೂರನೇದ್ರಲ್ಲಿ ಬರೆದ್ರೆ ಬೈತಿದ್ರೇನೋ, ಅಲ್ವಾ?” ಎಂದು ಕೇಳಿದರು.

ಅತ್ತೆ ಅಲ್ಲೇ ಬರೆದರು. ಮಾವ ಸಹಿ ಮಾಡುತ್ತಿದ್ದ ಜಾಗದಲ್ಲಿ ತಮ್ಮ ಸಹಿ ಮಾಡಿ, ಹಾಳೆಯನ್ನು ನನ್ನ ಕಡೆ ತಳ್ಳಿದರು. ಅತ್ತೆಯ ಜಾಗದಲ್ಲಿ ನಾನು ಸಹಿ ಮಾಡಿದೆ.

ಚಪ್ಪಲಿ ಬಾಗಿಲಲ್ಲೇ ಇದೆ. ಐದು ವರ್ಷ ಸಮಯವಿದೆ.