ಸುತ್ತಿಗೆಗೇನು ಗೊತ್ತು ಬೆರಳು ಯಾರದು?

ಪೀಣ್ಯದಲ್ಲಿ ಶಬ್ದಕ್ಕೂ ಬರ ಇಲ್ಲ, ಶಬ್ದದ ಬಗ್ಗೆ ಜಗಳಕ್ಕೂ ಬರ ಇಲ್ಲ. ನಾನು ಎಂಟನೇ ಕ್ಲಾಸು ಫೇಲು, ಲೇತ್ ಶಾಪಲ್ಲಿ ಕೆಲಸ. ಕರೆಂಟ್ ಕಟ್ ಇರೋ ದಿನ ಓನರ್ ನಮ್ಮನ್ನ ಸುಮ್ಮನೆ ಕೂರಿಸಲ್ಲ. ದಾಸರಹಳ್ಳಿಯಲ್ಲಿ ಅವರದೇ ಒಂದು ಸ್ಕೂಲಿದೆ, ಅಲ್ಲಿಗೆ ರಿಪೇರಿಗೆ ಅಟ್ತಾರೆ. ಹಾಗೆ ಒಂದು ಸಲ ಹಳೇ ಪಿಯಾನೋ ಗಂಟುಬಿತ್ತು.

ದುಃಖ, ಸಂತೋಷ, ಹಸಿವು

ನಮ್ಮ ಫಿಟ್ಟರ್ ಅಣ್ಣ ಬಾಗಲಕೋಟೆ ಕಡೆಯವನು. ಪಿಯಾನೋ ಹೊಟ್ಟೆಯೊಳಗೆ ತಲೆ ಹಾಕಿ ನೋಡಿ, ಅದನ್ನ ಕಲಿಸೋ ಮೇಡಂಗೆ ಅಂದ: "ಯಾರ್ ಒತ್ತಿದ್ರೂ ಅಷ್ಟರೀ ಮೇಡಂ. ಒಳಗ ಸುತ್ತಿಗಿ ಹೋಗಿ ತಂತಿಗೆ ಬಡೀತೈತಿ. ಸುತ್ತಿಗಿಗೇನ್ ಗೊತ್ತ, ಬೆರಳ ಯಾರದಂತ?"

ಮೇಡಂಗೆ ರೇಗಿತು. "ಎಲ್ಲಾ ಟಚ್‌ನಲ್ಲಿರೋದು ಕಣ್ರೀ. ಕೇಳಿ, ಇದು ದುಃಖ." ಟಣ್. "ಇದು ಸಂತೋಷ." ಟಣ್.

"ಎರಡನೇದು ಒಂಚೂರು ಜೋರ್ ಐತಿ, ಅಷ್ಟ," ಅಂದ ಅಣ್ಣ.

ನಾನು, "ಮೇಡಂ, ಹಸಿವು ಬಾರಿಸ್ತೀರಾ?" ಅಂದೆ. ಪಾಪ, ಬಾರಿಸಿದರು. ಅಣ್ಣ ಸ್ಪ್ಯಾನರ್ ಕೆಳಗಿಟ್ಟು ಊಟಕ್ಕೆ ಹೊರಟ.

ಓನರ್ ಕಿವಿ

ಈ ಜಗಳ ಓನರಿಗೆ ಮುಟ್ಟಿತು. "ಯಾರು ಒತ್ತಿದ್ರೂ ಒಂದೇ ಅಂದ್ರೆ ಮೇಡಂ ಯಾಕೆ? ಮಕ್ಕಳಿಗೆ ಕಸರತ್ತು ಮಾಡಿಸೋ ಡ್ರಿಲ್ ಮಾಸ್ಟರೇ ಒತ್ತಲಿ," ಅಂದುಬಿಟ್ಟರು. ಮೇಡಂ ಮುಖ ಇಷ್ಟು ಚಿಕ್ಕದಾಯಿತು. ಅವರಿಗಿದ್ದಿದ್ದು ಅದೊಂದೇ ಕೆಲಸ. ಡ್ರಿಲ್ ಮಾಸ್ಟರ್ ಆಗಲೇ ಉಗುರು ಕತ್ತರಿಸಿಕೊಂಡ.

ಕೊನೆಗೆ ಓನರೇ ಪರೀಕ್ಷೆ ಇಟ್ಟರು. "ಪರದೆ ಹಿಂದೆ ಮೂರು ಜನ ಒತ್ತಿ. ಮೇಡಂ ಟಚ್ ಯಾವುದು ಅಂತ ನಾನು ಹೇಳಿದ್ರೆ ಮೇಡಂ ಉಳೀತಾರೆ. ನಮ್ಮ ಶಾಪಲ್ಲಿ ಯಾವ ಲೇತ್ ಮೇಲೆ ಯಾರಿದ್ದಾನೆ ಅಂತ ಕ್ಯಾಬಿನಲ್ಲಿ ಕೂತೇ ಹೇಳ್ತೀನಿ, ಗೊತ್ತಲ್ಲ?"

ಗೊತ್ತು. ಹಿಂದಿನ ವಾರ ಲೇತ್ ಸದ್ದು ಕೇಳಿ, "ಲೇ ಟರ್ನರ್, ಮೆಲ್ಲಗೆ ಕಣೋ!" ಅಂತ ಕ್ಯಾಬಿನಿಂದ ಕೂಗಿದ್ದರು. ಟರ್ನರ್ ಅವರ ಹಿಂದೆಯೇ ಟೀ ಹಿಡಿದು ನಿಂತಿದ್ದ.

ಪರದೆ ಹಿಂದೆ

ಶನಿವಾರ ಬೆಲ್ ಹೊಡೆದ ಮೇಲೆ ಪರೀಕ್ಷೆ. ಪರದೆ ಕಟ್ಟೋ ಕೆಲಸ ನನಗೆ ಕೊಟ್ಟರು, ಅದು ಅವರ ತಪ್ಪು. ಗೇಟಿನ ಹತ್ತಿರ ಕೊಂಡ ಸೌತೆಕಾಯಿ ಕೈಯಲ್ಲೇ ಇತ್ತು, ಉಪ್ಪು ಖಾರ ಸಮೇತ.

ಮೊದಲು ಫಿಟ್ಟರ್ ಅಣ್ಣ ಒತ್ತಿದ. ಆಚೆಯಿಂದ ಓನರ್, "ಕಬ್ಬಿಣದ ಕೈ!" ಅಂದರು. ಆಮೇಲೆ ಡ್ರಿಲ್ ಮಾಸ್ಟರ್. "ಜೀವ ಇಲ್ಲ!"

ಈಗ ಮೇಡಂ. ಬೆರಳು ಕೀ ತನಕ ತಂದರು, ಮತ್ತೆ ಹಿಂದಕ್ಕೆ ಎಳೆದುಕೊಂಡರು. ನಾನು ಪಕ್ಕದಿಂದ ಕೈ ಚಾಚಿ ಅರ್ಧ ಕಚ್ಚಿದ ಸೌತೆಕಾಯಿಯಲ್ಲಿ ಒತ್ತಿಬಿಟ್ಟೆ. ಟಣ್.

"ಇದೇ! ಇದೇ ಮೇಡಂ ಟಚ್!" ಓನರ್ ಚಪ್ಪಾಳೆ ತಟ್ಟಿದರು. "ಎಷ್ಟು ವರ್ಷದ ಸಾಧನೆ ರೀ ಇದು!"

ಡ್ರಿಲ್ ಮಾಸ್ಟರ್ ಸುಮ್ಮನಿರ್ತಾನಾ? ಸರಕ್ಕನೆ ಪರದೆ ಎಳೆದ. ಮೇಡಂ ಕೈ ಸೆರಗಿನೊಳಗೆ. ನನ್ನ ಸೌತೆಕಾಯಿ ಇನ್ನೂ ಕೀ ಮೇಲೆ. ಬಿಳೀ ಕೀ ಮೇಲೆ ಕೆಂಪು ಖಾರದ ಪುಡಿ.

ಓನರ್ ಸೌತೆಕಾಯಿ ನೋಡಿದರು, ಮೇಡಂನ ನೋಡಿದರು. ತಪ್ಪು ಒಪ್ಪಿಕೊಳ್ಳೋ ಅಭ್ಯಾಸ ಅವರಿಗಿಲ್ಲ.

"ನೋಡಿದ್ರಾ ಮಾಸ್ಟರೇ?" ಅಂದರು. "ಸೌತೆಕಾಯಿಗೇ ಇಷ್ಟು ಕಲಿಸಿದ್ದಾರೆ. ಇನ್ನು ಮಕ್ಕಳಿಗೆ ಕಲಿಸಲ್ವಾ? ಮೇಡಂ, ಸೋಮವಾರ ಎಂದಿನಂತೆ ಬನ್ನಿ."